ಶವಗಳಿಗೆ ವಿನಾಯಿತಿ

ನನ್ನ ಅತ್ತೆಯನ್ನು ಹೆಣ ಎಂದು ಬರೆದುಕೊಳ್ಳಲು ಆ ಕಟ್ಟಡದವರು ಇಡೀ ಮಧ್ಯಾಹ್ನ ಅಂಗಲಾಚಿದರು. ಅತ್ತೆ ಒಪ್ಪಲಿಲ್ಲ. ಒಪ್ಪಿದ್ದರೆ ಹತ್ತು ನಿಮಿಷದ ಕೆಲಸ. ಒಪ್ಪಿಕೋ ಎಂದು ನಾನೂ ಹೇಳಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮುಚ್ಚಿಟ್ಟಳು ಅನ್ನಬಾರದು.

ನಾವು ಹೊರುವವರು. ಅದು ಏಳು ಮಹಡಿಯ ಕಟ್ಟಡ. ಮಹಡಿಗೊಂದು ಆಫೀಸು, ಏಳನೆಯದರಲ್ಲಿ ದೊಡ್ಡ ಸಭಾಂಗಣ. ಹಿಂದಿನ ಗೇಟಿಗೆ ಲಾರಿ ಬರುತ್ತದೆ. ಕಾಗದದ ಕಟ್ಟು, ಕುರ್ಚಿ, ಕಪಾಟು, ನೀರಿನ ಕ್ಯಾನು, ಬಂದದ್ದನ್ನೆಲ್ಲ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತೇವೆ. ನೂರ ಐವತ್ತನಾಲ್ಕು ಮೆಟ್ಟಿಲು. ನಾನು ಹತ್ತಲು ಶುರು ಮಾಡಿ ಹನ್ನೊಂದು ವರ್ಷ. ಅತ್ತೆ ಇಪ್ಪತ್ತಾರು ವರ್ಷ. ಸಿಂಬಿ ಇಟ್ಟು ಇಟ್ಟು ಅವಳ ನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇಲ್ಲ. ಅವಳ ಮಗ, ಅಂದರೆ ನನ್ನ ಗಂಡ, ಊರಾಚೆಯ ಸಿಮೆಂಟು ಗೋದಾಮಿನಲ್ಲಿ ಹೊರುತ್ತಾನೆ. ನಮ್ಮ ಮನೆಯಲ್ಲಿ ಸಂಜೆ ಯಾರೂ ಯಾರಿಗೂ ಕಾಲು ಒತ್ತು ಅನ್ನುವುದಿಲ್ಲ. ಒತ್ತಬೇಕಾದ ಕೈಗೂ ಅಷ್ಟೇ ನೋವು.

ಕಟ್ಟಡಕ್ಕೆ ಲಿಫ್ಟು ಒಂದಿದೆ. ಒಳಗೆ ಆಳೆತ್ತರದ ಕನ್ನಡಿ, ಮೇಲೊಂದು ಫ್ಯಾನು, ಮೂಲೆಯಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಲಿಫ್ಟು ನಡೆಸುವ ಲಿಫ್ಟಣ್ಣ. ಹತ್ತಿದವರನ್ನೆಲ್ಲ ಅವನು ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪ್ರತಿ ಮಹಡಿಯಲ್ಲೂ ಬಾಗಿಲ ಪಕ್ಕದಲ್ಲೇ ಒಂದು ಫಲಕ. ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಹೊರೆ ಇಳಿಸಿ ಉಸಿರು ತೆಗೆದುಕೊಳ್ಳುವಾಗಲೆಲ್ಲ ಅದನ್ನು ಓದಿ ಓದಿ ಬಾಯಿಪಾಠ ಆಗಿದೆ. ಈ ಲಿಫ್ಟು ಅಧಿಕಾರಿಗಳು, ಅತಿಥಿಗಳು ಮತ್ತು ವೈದ್ಯರ ಚೀಟಿ ಹೊಂದಿರುವ ರೋಗಿಗಳಿಗೆ ಮಾತ್ರ. ಹೊರೆಗೂ ಹೊರುವವರಿಗೂ ಪ್ರವೇಶವಿಲ್ಲ. ಮಾನವೀಯತೆಯ ದೃಷ್ಟಿಯಿಂದ ಶವಗಳಿಗೆ ವಿನಾಯಿತಿ ಇದೆ.

ಕೊನೆಯ ಸಾಲು ಮೊದಲು ಇರಲಿಲ್ಲ. ಮೂರು ವರ್ಷದ ಹಿಂದೆ ಐದನೇ ಮಹಡಿಯ ಗುಮಾಸ್ತನೊಬ್ಬ ಕುರ್ಚಿಯಲ್ಲಿ ಕೂತ ಹಾಗೇ ಸತ್ತ. ಗುಮಾಸ್ತರಿಗೂ ಲಿಫ್ಟಿಲ್ಲ. ಅವನೋ ಭಾರಿ ಆಳು. ಮೆಟ್ಟಿಲ ತಿರುವಿನಲ್ಲಿ ಹೆಣ ಸಿಕ್ಕಿಕೊಂಡಿತು. ಆಗ ಮೇಲಿನವರು ಸಭೆ ಕೂಡಿ, ಸತ್ತವರಲ್ಲಿ ದರ್ಜೆ ನೋಡಬಾರದು ಎಂದು ತೀರ್ಮಾನಿಸಿ ಈ ಸಾಲು ಸೇರಿಸಿದರು. ಬಹಳ ಒಳ್ಳೆಯವರು ಎಂದು ಎಲ್ಲರೂ ಹೇಳಿದರು.

ಆ ವಾರ ಏಳನೇ ಮಹಡಿಯಲ್ಲಿ ಮೂರು ದಿನದ ಸಮ್ಮೇಳನ ಇತ್ತು. ವಿಷಯ, ‘ಮಾನವೀಯತೆ: ಪದದ ಅರ್ಥ ಮತ್ತು ಬಳಕೆ’. ಅದೇ ಹೆಸರಿನ ಪುಸ್ತಕವನ್ನೂ ಅಚ್ಚು ಹಾಕಿಸಿದ್ದರು. ಒಂದೊಂದು ಪುಸ್ತಕ ಇಟ್ಟಿಗೆಯ ಹಾಗೆ. ಮೂವತ್ತು ಕಿಲೋದ ಪೆಟ್ಟಿಗೆಗಳು, ಅರವತ್ತು ಬಂದಿದ್ದವು. ಮೂರನೇ ದಿನ ಬೆಳಗಿನ ಹೊತ್ತಿಗೂ ಹದಿನೈದು ಉಳಿದಿದ್ದವು. ಒಳಗೇನಿದೆ ಎಂದು ಅತ್ತೆ ಕೇಳಿದಳು. ನಾನು ಪೆಟ್ಟಿಗೆಯ ಮೇಲಿನ ಚೀಟಿ ಓದಿದೆ. ಹಾಗಂದರೇನು ಎಂದಳು. ಬೇರೆಯವರ ಕಷ್ಟ ನೋಡಿ ಮರುಗೋದು ಇರಬೇಕು ಎಂದೆ. ಅತ್ತೆ ಪೆಟ್ಟಿಗೆಗೆ ತಲೆ ಕೊಟ್ಟು, ಎತ್ತಿಸಿಕೊಂಡು, ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಿಕೊಂಡು ನಡೆದಳು.

ಹನ್ನೊಂದು ಗಂಟೆ ಇರಬೇಕು. ನಾನು ಅವಳ ಹಿಂದೆ ಆರು ಮೆಟ್ಟಿಲು ಕೆಳಗಿದ್ದೆ. ಆರನೇ ಮಹಡಿಗೆ ಇನ್ನು ನಾಲ್ಕು ಮೆಟ್ಟಿಲು ಇರುವಾಗ ಅವಳ ಹಿಮ್ಮಡಿ ಜಾರಿತು. ಪೆಟ್ಟಿಗೆ ಮೊದಲು ಬಿತ್ತು. ಆಮೇಲೆ ಅವಳು. ಆಮೇಲೆ ಪೆಟ್ಟಿಗೆ ಮತ್ತೊಮ್ಮೆ ಮಗುಚಿ ಅವಳ ಮೊಣಕಾಲಿನ ಕೆಳಗೆ ಬಿತ್ತು. ಕಬ್ಬಿನ ಗಳ ಮುರಿದ ಹಾಗೆ ಸದ್ದು. ಪುಸ್ತಕಗಳು ಮೆಟ್ಟಿಲ ತುಂಬ ಚೆಲ್ಲಿದವು. ಅತ್ತೆ ಕೂಗಲಿಲ್ಲ. ಕಾಲು ನೋಡಿಕೊಂಡಳು. ಪಾದ ಬೇರೆ ಯಾರದೋ ಎನ್ನುವ ಹಾಗೆ ಇನ್ನೊಂದು ದಿಕ್ಕಿಗೆ ತಿರುಗಿತ್ತು.

ನಾವು ಹೊರುವವರು ನಾಲ್ಕು ಜನ ಸೇರಿ ಅವಳನ್ನು ಕೆಳಗೆ ಎತ್ತಿಕೊಂಡು ಹೋಗಲು ನೋಡಿದೆವು. ನಾಲ್ಕು ಮೆಟ್ಟಿಲು ಇಳಿದೆವು. ಮೂಳೆ ಒಳಗೆ ಕದಲಿತು. ಚರ್ಮದಡಿ ಅದು ಮೊನೆಯಾಗಿ ಎದ್ದದ್ದು ಕಣ್ಣಿಗೆ ಕಂಡಿತು. ಅತ್ತೆ ಸೆರಗು ಕಚ್ಚಿಕೊಂಡು, ಬಿಡಿ, ಪ್ರಾಣ ಹೋಗತ್ತೆ ಎಂದಳು. ಮತ್ತೆ ಮೇಲಕ್ಕೇ ತಂದು ಆರನೇ ಮಹಡಿಯ ಲಿಫ್ಟಿನ ಮುಂದೆ ಮಲಗಿಸಿದೆವು. ನಾನು ಗುಂಡಿ ಒತ್ತಿದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ತಣ್ಣಗಿತ್ತು.

ಬಾಗಿಲು ತೆರೆಯಿತು. ಲಿಫ್ಟಣ್ಣ ಅತ್ತೆಯ ಕಾಲು ನೋಡಿ ಎದ್ದು ನಿಂತ. ಕೆಟ್ಟವನಲ್ಲ ಅವನು. ತನ್ನ ಬಾಟಲಿಯ ನೀರನ್ನೇ ಅತ್ತೆಯ ಬಾಯಿಗೆ ಬಿಟ್ಟ. ಆದರೆ ಅವನಿಗಿಂತ ಮುಂಚೆ ಇದ್ದ ಇಬ್ಬರನ್ನು, ಹೊರುವವರನ್ನು ಹತ್ತಿಸಿಕೊಂಡರು ಅಂತಲೇ, ತೆಗೆದುಹಾಕಿದ್ದರು. ಯಾವ ಕಲಮಿಗೆ ಬರೆದುಕೊಳ್ಳಲಿ ಎಂದು ಕೇಳಿದ. ಪುಸ್ತಕ ತೆರೆದು ತೋರಿಸಿದ. ಅಧಿಕಾರಿ, ಅತಿಥಿ, ರೋಗಿ, ಶವ. ನಾಲ್ಕೇ ಕಲಮು. ಮೇನೇಜರನ್ನು ಕೇಳಿ ಬರುತ್ತೇನೆ ಎಂದು ಬಾಗಿಲು ಹಾಕಿಕೊಂಡ. ಖಾಲಿ ಲಿಫ್ಟು ಇಳಿದು ಹೋಯಿತು. ಬಾಗಿಲ ಮೇಲಿನ ಕೆಂಪು ಅಂಕಿ ಐದಾಯಿತು, ನಾಲ್ಕಾಯಿತು, ಮೂರಾಯಿತು. ನಾವು ಕತ್ತೆತ್ತಿ ನೋಡುತ್ತ ನಿಂತೆವು.

ಮೇನೇಜರು ಬಂದರು. ಮೊದಲು ಮೆಟ್ಟಿಲ ಮೇಲಿನ ಪುಸ್ತಕ ಎರಡು ಎತ್ತಿ ಕರ್ಚೀಫಿನಿಂದ ಧೂಳು ಒರೆಸಿದರು. ಆಮೇಲೆ ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಮ್ಮಾ, ತುಂಬ ನೋವಾ ಎಂದರು. ಇಪ್ಪತ್ತಾರು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳನ್ನು ಅಮ್ಮ ಎಂದವರು ಇರಲಿಲ್ಲ. ಅತ್ತೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು.

ರೋಗಿ ಎಂದು ಬರೆದುಕೊಂಡು ಕರೆದುಕೊಂಡು ಹೋಗಿ ಎಂದು ನಾನು ಕೇಳಿದೆ. ಅದಕ್ಕೆ ವೈದ್ಯರ ಚೀಟಿ ಬೇಕು ಎಂದರು. ಕಟ್ಟಡದ ವೈದ್ಯರು ಕೂರುವುದು ನೆಲಮಹಡಿಯಲ್ಲಿ. ಲಿಫ್ಟಣ್ಣ ಮತ್ತೆ ಖಾಲಿ ಲಿಫ್ಟಿನಲ್ಲಿ ಇಳಿದು ಹೋಗಿ ವೈದ್ಯರನ್ನು ಕೇಳಿ ಬಂದ. ರೋಗಿಯನ್ನು ಕಣ್ಣಾರೆ ನೋಡದೆ ಚೀಟಿ ಕೊಡುವಂತಿಲ್ಲವಂತೆ. ಕೊಠಡಿ ಬಿಟ್ಟು ಬರುವಂತೆಯೂ ಇಲ್ಲವಂತೆ. ರೋಗಿಯನ್ನು ಕೆಳಗೆ ಕರೆತಂದರೆ, ಲಿಫ್ಟಿನಲ್ಲಿ ಕೆಳಗೆ ಕರೆತರಬಹುದು ಎಂದು ತಕ್ಷಣ ಬರೆದುಕೊಡುತ್ತಾರಂತೆ. ತುಂಬ ಮರುಗಿದರು ಎಂದ ಲಿಫ್ಟಣ್ಣ.

ಮೇನೇಜರು ಫಲಕದ ಮುಂದೆ ನಿಂತು ಅದನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು. ಒಂದು ದಾರಿ ಇದೆ ಎಂದರು. ಶವಕ್ಕೆ ಚೀಟಿ ಬೇಡ, ದರ್ಜೆ ಬೇಡ. ಮಾನವೀಯತೆಯ ದೃಷ್ಟಿಯಿಂದ ಅತ್ತೆಯನ್ನು ಶವ ಎಂದು ಬರೆದುಕೊಂಡರೆ ಮುಗಿಯಿತು. ಸಭಾಂಗಣದಲ್ಲಿ ಬಿಳಿ ಮೇಜುಬಟ್ಟೆ ಇದೆ, ಮೇಲೆ ಹೊದಿಸೋಣ, ಕೆಳಗೆ ಹೋಗುವ ತನಕ ಅಲ್ಲಾಡದೆ ಮಲಗಿದ್ದರೆ ಸಾಕು, ಇಳಿದ ಮೇಲೆ ಯಥಾಪ್ರಕಾರ ಬದುಕಬಹುದು ಎಂದರು. ಲಿಫ್ಟಣ್ಣ ಉಸಿರು ಬಿಟ್ಟ. ಪೆನ್ನಿನ ಮುಚ್ಚಳ ತೆಗೆದ. ನಾನೂ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಬರೀ ಕಾಗದ ತಾನೆ, ಹ್ಞೂಂ ಅನ್ನು, ಕಾಲು ಮೊದಲು ಎಂದೆ.

ಅತ್ತೆ ಮೊಣಕೈ ಊರಿ ಮೇನೇಜರ ಕಡೆ ತಿರುಗಿದಳು. ಹೆಣ ಅಂತ ಬರೆದ ಮೇಲೆ ಕಾಲು ವಾಸಿಯಾದಾಗ ಕೆಲಸಕ್ಕೆ ಬಂದರೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಮೇನೇಜರು ಗಂಟಲು ಸರಿಮಾಡಿಕೊಂಡರು. ಶವದ ಕಲಮಿಗೆ ಹೋದವರ ಹೆಸರು ಕೆಲಸದವರ ಪಟ್ಟಿಯಿಂದ ತಾನಾಗಿಯೇ ಹೋಗುತ್ತದೆ, ಅದನ್ನು ಆಮೇಲೆ ನೋಡೋಣ ಎಂದರು. ಕಾಲು ಮುರಿದದ್ದನ್ನು ಎಲ್ಲಿ ಬರೆಯುತ್ತೀರಿ ಎಂದಳು. ಶವಕ್ಕೆ ಕಾಲಿನ ವಿಷಯ ಬರೆಯುವುದಿಲ್ಲ ಎಂದರು.

“ಹಂಗಾದ್ರೆ ನಾನು ಹೆಣ ಆಗಲ್ಲ” ಎಂದಳು ಅತ್ತೆ. “ಹೊರೆ ಹೊರ್ತಾ ಕಾಲು ಮುರೀತು ಅಂತ ಬರೀರಿ. ಬರ್ದ್ರೆ ಬರ್ತೀನಿ.”

ಮೇನೇಜರು ನನ್ನನ್ನು ಗೋಡೆಯ ಹತ್ತಿರ ಕರೆದರು. ಬೇಜಾರಿಲ್ಲದೆ, ದೊಡ್ಡಣ್ಣನ ಹಾಗೆ ವಿವರಿಸಿದರು. ಹೊರುವಾಗ ಮುರಿಯಿತು ಎಂದು ಬರೆದರೆ ಕಟ್ಟಡದವರು ಆಸ್ಪತ್ರೆ ನೋಡಬೇಕು, ವಾಸಿಯಾಗುವ ತನಕ ಅವಳ ಜಾಗ ಉಳಿಸಬೇಕು, ಅಷ್ಟು ಭಾರ ಯಾಕೆ ಹೊರಿಸಿದಿರಿ ಎಂದು ಮೇಲಿನವರು ಕೇಳುತ್ತಾರೆ.

“ಜವಾಬ್ದಾರಿ ಅಂದ್ರೆ ಹಿಂದೇನೇ ಕಾನೂನು ಬರತ್ತೆ ಕಣಮ್ಮ” ಎಂದರು. “ಮಾನವೀಯತೆ ಅಂದ್ರೆ ಏನೂ ಬರಲ್ಲ.”

ಅಷ್ಟರಲ್ಲಿ ಸಮ್ಮೇಳನಕ್ಕೆ ಟೀ ಬಿಡುವಾಯಿತು. ಟೀ ಇಟ್ಟಿದ್ದದ್ದು ಆರನೇ ಮಹಡಿಯ ಮೊಗಸಾಲೆಯಲ್ಲಿ. ತೊಂಬತ್ತು ಜನ ಇಳಿದು ಬಂದರು. ಎದೆಯ ಮೇಲೆ ಹೆಸರಿನ ಬಿಲ್ಲೆ, ಕೈಯಲ್ಲಿ ಕಪ್ಪು. ಮೊದಲು ಬಂದವರು ಅತ್ತೆಯನ್ನು ಬಳಸಿಕೊಂಡು ಹೋದರು. ಆಮೇಲೆ ಯಾರೋ ವಿಷಯ ಕೇಳಿದರು. ಮೇನೇಜರು ಹೇಳಿದರು. ಅರ್ಧ ಗಳಿಗೆಯಲ್ಲಿ ಸುತ್ತ ಗುಂಪು ಕೂಡಿತು. ಗಡ್ಡದವರೊಬ್ಬರು, ಈ ಪದವನ್ನು ಒಬ್ಬ ವ್ಯಕ್ತಿಗೆ ಬಳಸುವುದು ತಪ್ಪು, ಅದು ಸಮುದಾಯಕ್ಕೆ ಅನ್ವಯಿಸುವಂಥದ್ದು ಎಂದರು. ಕನ್ನಡಕದವರೊಬ್ಬರು, ಶವಕ್ಕೆ ಬಳಸಿರುವುದೇ ಸರಿಯಾದ ಬಳಕೆ, ಶವ ತಿರುಗಿ ಏನೂ ಕೊಡಲಾರದು, ಆದ್ದರಿಂದ ಅದು ಶುದ್ಧ ಮಾನವೀಯತೆ ಎಂದರು. ಇಬ್ಬರಿಗೂ ಬಿಸಿಯೇರಿತು. ಬಿಸ್ಕತ್ತಿನ ಚೂರು ಅತ್ತೆಯ ಹೊಟ್ಟೆಯ ಮೇಲೆ ಉದುರುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಬ್ಬ ಹೆಂಗಸು ಮಾತ್ರ ಮೊಣಕಾಲೂರಿ ಕೂತರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ನೊಂದವರನ್ನೇ ಕೇಳದೆ ನಾವು ಅರ್ಥ ಹೇಳುವುದು ಎಷ್ಟು ಸರಿ ಎಂದು ಎಲ್ಲರಿಗೂ ಹೇಳಿ, ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದರು. ಮಾನವೀಯತೆ ಎಂದರೆ ನಿಮಗೆ ಏನು ಎಂದು ಕೇಳಿದರು.

“ಮೂವತ್ತು ಕಿಲೋ ತಾಯಿ” ಎಂದಳು ಅತ್ತೆ. “ಒಳಗೇನಿದೆ ಅಂತ ನಂಗೊತ್ತಿಲ್ಲ.”

ಎಲ್ಲರೂ ಬರೆದುಕೊಂಡರು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದರು.

ಮುಖ್ಯ ಅತಿಥಿ ವಯಸ್ಸಾದವರು. ಎರಡೂ ಮಂಡಿಗೆ ಪಟ್ಟಿ ಕಟ್ಟಿದ್ದರು. ಸುಮ್ಮನೆ ಮಾತಾಡುತ್ತ ನಿಲ್ಲುವುದು ಸರಿಯಲ್ಲ, ಏನಾದರೂ ಮಾಡೋಣ ಎಂದರು. ನನಗೆ ಜೀವ ಬಂದಂತಾಯಿತು. ಈ ತಾಯಿಯ ನೋವಿನಲ್ಲಿ ಭಾಗಿಗಳಾಗಿ ಎಲ್ಲರೂ ಒಂದು ನಿಮಿಷ ಮೌನ ಆಚರಿಸೋಣ ಎಂದರು. ತೊಂಬತ್ತು ಜನ ಕಪ್ಪು ಕೆಳಗಿಟ್ಟು ತಲೆ ತಗ್ಗಿಸಿ ನಿಂತರು. ನಾವು ಹೊರುವವರೂ ಏನು ಮಾಡಬೇಕೋ ತಿಳಿಯದೆ ತಲೆ ತಗ್ಗಿಸಿದೆವು. ನಡುವೆ ಅತ್ತೆಗೆ ತಡೆಯಲಾಗದೆ ಒಂದು ನರಳಿಕೆ ಬಂತು. ಗಡ್ಡದವರು ಕಣ್ಣು ಬಿಟ್ಟು ಅವಳ ಕಡೆ ಸಿಟ್ಟಿನಿಂದ ನೋಡಿದರು. ಮೌನ ಕೆಟ್ಟಿತ್ತು.

ಗಂಟೆ ಹೊಡೆಯಿತು. ಎಲ್ಲರೂ ಮೇಲೆ ಹೋದರು. ಮುಖ್ಯ ಅತಿಥಿಗೆ ಬೇರೆ ಊರಿಗೆ ಹೋಗುವುದಿತ್ತು, ಕಾರು ಕಾಯುತ್ತಿತ್ತು. ಲಿಫ್ಟಣ್ಣ ಅವರಿಗಾಗಿ ಬಾಗಿಲು ತೆರೆದ. ಅವರು ಯಾರ ಜೊತೆಯೋ ಒಂದು ಮಾತಾಡಲು ತಿರುಗಿದರು.

ಅಷ್ಟೇ ಹೊತ್ತು. ಅತ್ತೆ ಎರಡೂ ಅಂಗೈ ನೆಲಕ್ಕೆ ಊರಿದಳು. ಮುರಿದ ಕಾಲು ಹಿಂದೆ ಎಳೆದುಕೊಂಡು, ಹಲ್ಲು ಕಚ್ಚಿ, ಒಂದೊಂದೇ ಗೇಣು ಜರುಗಿ ಲಿಫ್ಟಿನೊಳಗೆ ಹೋದಳು. ಪೂರ್ತಿ ಹೋಗಲಿಲ್ಲ. ಸೊಂಟದ ಮೇಲಿನದು ಒಳಗೆ, ಕೆಳಗಿನದು ಹೊರಗೆ. ಹಾಗೇ ಮಲಗಿಬಿಟ್ಟಳು. ಬಾಗಿಲು ಬಂದು ಅವಳ ಸೊಂಟಕ್ಕೆ ತಾಗಿತು. ಹಿಂದೆ ಹೋಯಿತು. ಮತ್ತೆ ಬಂತು. ಮತ್ತೆ ತಾಗಿತು. ಸುಮ್ಮನೆ ನಿಂತು ನೋಡಲು ನನ್ನಿಂದ ಆಗಲಿಲ್ಲ. ಹೋಗಿ ಬಾಗಿಲಿಗೆ ನನ್ನ ಬೆನ್ನು ಕೊಟ್ಟು ಕೂತೆ.

ಮೇನೇಜರು ಬೇಡಿಕೊಂಡರು. ಗದರಿದರು. ಮತ್ತೆ ಬೇಡಿಕೊಂಡರು. ಹೆಣ ಬೇಡವಾದರೆ ಅರೆಜೀವ ಎಂದು ಬರೆಯೋಣ ಎಂದರು. ಕಾವಲಿನವರು ಇಬ್ಬರು ಬಂದು ಅತ್ತೆಯ ಸೊಂಟಕ್ಕೆ ಕೈ ಹಾಕಿ ಹೊರಗೆ ಎಳೆದರು. ಅಲ್ಲಿಯ ತನಕ ಕೂಗದಿದ್ದವಳು ಆಗ ಕೂಗಿದಳು. ಮೇಲೆ ಭಾಷಣ ನಿಂತಿತು. ಬಿಡಿ, ಬಿಡಿ ಎಂದು ಮೇನೇಜರೇ ಅಡ್ಡ ಬಂದರು.

ಮುಖ್ಯ ಅತಿಥಿ ಮಂಡಿ ಹಿಡಿದುಕೊಂಡು ನಿಂತಿದ್ದರು. ತನಗೇನೂ ಅಭ್ಯಂತರವಿಲ್ಲ, ಮಾನವೀಯತೆಯ ದೃಷ್ಟಿಯಿಂದ ಈ ತಾಯಿ ತನ್ನ ಜೊತೆಯಲ್ಲೇ ಬರಲಿ ಎಂದು ಮೇನೇಜರಿಗೆ ಹೇಳಿದರು. ಅತಿಥಿ ಮತ್ತು ಹೊರುವವರು ಕೂಡಿ ಹೋಗುವಂತಿಲ್ಲ ಎಂದು ಮೇನೇಜರು ಕೈ ಹಿಸುಕಿಕೊಂಡರು. ಅವರಿಬ್ಬರೂ ತೀರ್ಮಾನಕ್ಕೆ ಬರುವ ಮೊದಲೇ ಅತ್ತೆ ಕತ್ತು ತಿರುಗಿಸಿ ಹೇಳಿದಳು.

“ಮಾನವೀಯತೆ ಬೇಡ ಸ್ವಾಮಿ. ನನ್ನ ಕಾಲು ಬರೀರಿ.”

ಅವರಿಗೆ ಅರ್ಥವಾಯಿತೋ ಇಲ್ಲವೋ. ಗಡಿಯಾರ ನೋಡಿಕೊಂಡರು. ಮೇನೇಜರ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಅಮ್ಮಾ, ಅಪ್ಪಾ ಎನ್ನುತ್ತ ಇಳಿದರು. ಕೆಳಗೆ ತಲುಪಲು ಇಪ್ಪತ್ತೈದು ನಿಮಿಷ ಹಿಡಿಯಿತು. ಮೂರು ಗಂಟೆಗೆ ಸಮ್ಮೇಳನವೂ ಮುಗಿಯಿತು. ತೊಂಬತ್ತು ಜನ ಚೀಲ ಹೊತ್ತು, ಕಂಕುಳಲ್ಲಿ ಪುಸ್ತಕ ಹಿಡಿದು ಇಳಿದು ಹೋದರು. ಆರನೇ ಮಹಡಿಯಲ್ಲಿ ನಮ್ಮನ್ನು ನೋಡದ ಹಾಗೆ ನೋಡಿದರು. ಪುಸ್ತಕ ಭಾರವಾಗಿ ನಾಲ್ಕನೇ ಮಹಡಿಯ ತಿರುವಿನಲ್ಲಿ ಒಬ್ಬರು ಕೆಳಗಿಟ್ಟರಂತೆ. ಅದನ್ನು ನೋಡಿ ಇನ್ನೊಬ್ಬರು. ಸಂಜೆ ನಮ್ಮವರು ನೋಡಿದಾಗ ಮೆಟ್ಟಿಲುದ್ದಕ್ಕೂ ಪುಸ್ತಕ ಬಿದ್ದಿದ್ದವು.

ಅಷ್ಟು ಹೊತ್ತಿಗೆ ಅತ್ತೆಯ ಕಾಲು ಕೊಡದ ಹಾಗೆ ಊದಿತ್ತು. ಚರ್ಮ ಹೊಳೆಯುತ್ತಿತ್ತು. ಮೈ ಸುಡುತ್ತಿತ್ತು. ಬೆಳಿಗ್ಗೆಯಿಂದ ಅವಳು ತಡೆದುಕೊಂಡಿದ್ದದ್ದು ಇನ್ನು ತಡೆಯಲಾಗಲಿಲ್ಲ. ಲಿಫ್ಟಿನ ಹೊಳೆಯುವ ನೆಲದ ಮೇಲೆ ಹರಿಯಿತು. ಅತ್ತೆ ಮುಖ ಮುಚ್ಚಿಕೊಂಡಳು. ಇಪ್ಪತ್ತಾರು ವರ್ಷ ಗಂಡಸರ ನಡುವೆ ಮೈ ಮುರಿದು ದುಡಿದವಳು, ಮೊಣಕಾಲು ಕಾಣದ ಹಾಗೆ ಸೀರೆ ಬಿಗಿದು ಮೆಟ್ಟಿಲು ಹತ್ತಿದವಳು. ನಾನು ನನ್ನ ಸಿಂಬಿಯ ಬಟ್ಟೆ ಬಿಚ್ಚಿ ನೆಲ ಒರೆಸಿದೆ. ಲಿಫ್ಟಣ್ಣ ನೋಡಬಾರದೆಂದು ತಿರುಗಿ ನಿಂತ. ತಿರುಗಿದ ಕಡೆ ಕನ್ನಡಿ ಇತ್ತು. ಕನ್ನಡಿಯಲ್ಲಿ ನಾವಿದ್ದೆವು.

ಅವನು ಸ್ಟೂಲಿನ ಮೇಲೆ ಕೂತ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. ನಾಲ್ಕು ಕಲಮಿನ ಪಕ್ಕದ ಖಾಲಿ ಅಂಚಿನಲ್ಲಿ ಬರೆಯಲು ಶುರು ಮಾಡಿದ. ಮೇನೇಜರು, ಅಲ್ಲಿ ಬರೆಯಬೇಡ, ಅಂಚಿನಲ್ಲಿ ಬರೆಯುವ ಅಧಿಕಾರ ನಿನಗಿಲ್ಲ ಎಂದರು. ಅವನು ತಲೆ ಎತ್ತಲಿಲ್ಲ. ಅತ್ತೆ ಓದಿಸಿದಳು. ಹೊರುವ ಹೆಂಗಸು, ಆರನೇ ಮಹಡಿ, ಕಟ್ಟಡದ ಪೆಟ್ಟಿಗೆ ಹೊರುತ್ತಿದ್ದಾಗ ಬಲಗಾಲು ಮುರಿದಿದೆ, ಬದುಕಿದ್ದಾಳೆ ಎಂದು ಓದಿದ. ಅವಳಿಗೆ ಅವನ ಮೇಲೆ ನಂಬಿಕೆ ಸಾಲಲಿಲ್ಲ. ನನ್ನ ಕೈಲೂ ಓದಿಸಿದಳು. ಆಮೇಲೆ ಹೆಬ್ಬೆಟ್ಟು ಮುಂದೆ ಮಾಡಿದಳು. ಲಿಫ್ಟಣ್ಣ ಪೆನ್ನಿನ ಶಾಯಿ ಬಳಿದ. ಅವಳು ಒತ್ತಿದಳು.

ಆಮೇಲೆ, ಈಗ ಕಾಲು ಒಳಗೆ ತಗೊಳ್ಳೆ ಎಂದಳು ನನಗೆ.

ಬಾಗಿಲು ಮುಚ್ಚಿತು. ಹೊಟ್ಟೆಯೊಳಗೆ ಏನೋ ಹಗುರಾಯಿತು. ಗೋಡೆಯ ಮೇಲೆ ಅಂಕಿ ಓಡಿತು. ಹದಿನೆಂಟು ಸೆಕೆಂಡು. ಹನ್ನೊಂದು ವರ್ಷ ನನ್ನ ಮಂಡಿ ಸವೆದದ್ದು ಈ ಹದಿನೆಂಟು ಸೆಕೆಂಡಿಗೆ. ನನಗೆ ಅಳು ಬರಲಿಲ್ಲ. ಯಾರಿಗಾದರೂ ಹೊಡೆಯಬೇಕು ಅನ್ನಿಸಿತು.

ಆಸ್ಪತ್ರೆಯಲ್ಲಿ ಅತ್ತೆಯ ಕಾಲಿಗೆ ಎರಡು ಸಲ ಕತ್ತರಿ ಹಾಕಿದರು. ಕಬ್ಬಿಣದ ಪಟ್ಟಿ ಇಟ್ಟು ತೊಡೆಯ ತನಕ ಸುಣ್ಣದ ಕಟ್ಟು ಕಟ್ಟಿದರು. ಮೇನೇಜರು ಆ ರಾತ್ರಿಯೇ ಲಿಫ್ಟಿನ ಪುಸ್ತಕದ ಆ ಹಾಳೆ ಹರಿಯಲು ಹೋಗಿದ್ದರಂತೆ. ಆದರೆ ಅದೇ ಹಾಳೆಯ ಮೇಲ್ತುದಿಯಲ್ಲಿ ಮುಖ್ಯ ಅತಿಥಿಯ ಸಹಿ ಇತ್ತು. ಬೆಳಿಗ್ಗೆ ಲಿಫ್ಟು ಹತ್ತುವಾಗ ಅವರು ತಮ್ಮ ಕೈಯಾರೆ ನಾಲ್ಕು ಒಳ್ಳೆಯ ಮಾತು ಬರೆದು ರುಜು ಹಾಕಿದ್ದರು. ಅದನ್ನು ಚೌಕಟ್ಟು ಹಾಕಿಸಬೇಕೆಂದು ಮೇಲಿನವರು ಆಗಲೇ ಫೋಟೊ ತೆಗೆಸಿಕೊಂಡು ಹೋಗಿದ್ದರು. ಹೀಗೆ ಅವರ ಒಳ್ಳೆಯ ಮಾತಿನ ಕೆಳಗೆ ಅತ್ತೆಯ ಕಾಲು ಉಳಿಯಿತು. ಆಸ್ಪತ್ರೆಯನ್ನು ಕಟ್ಟಡದವರೇ ನೋಡಬೇಕಾಯಿತು. ಅವಳ ಜಾಗ ಉಳಿಸಬೇಕಾಯಿತು. ಲಿಫ್ಟಣ್ಣನನ್ನು ಮಾತ್ರ ಹಿಂದಿನ ಗೇಟಿಗೆ ಹಾಕಿದರು. ಅಲ್ಲಿ ಸ್ಟೂಲು ಕೊಡಲಿಲ್ಲ. ಅತ್ತೆ ಹೇಗಿದ್ದಾಳೆ ಎಂದು ದಿನಾ ಕೇಳುತ್ತಾನೆ.

ಅತ್ತೆ ಮಂಚದ ಮೇಲಿಂದಲೇ ನನ್ನನ್ನು ಗೋಳು ಹುಯ್ದುಕೊಳ್ಳುತ್ತಾಳೆ. ಅನ್ನ ತಡವಾದರೆ, ಹೆಣಕ್ಕೆ ಯಾಕೆ ಅವಸರ, ನೀನೇ ಹೇಳಿದ್ದೆಯಲ್ಲ ಎನ್ನುತ್ತಾಳೆ. ನಾನು ತಟ್ಟೆ ಇಡುತ್ತೇನೆ. ಆ ಮಾತು ಅವಳ ಬಾಯಲ್ಲಿ ಇನ್ನೂ ಎಷ್ಟು ವರ್ಷ ಇರುತ್ತದೋ, ಇರಲಿ. ಒಂದು ದಿನ, ಆ ಜನ ಕೊನೆಗೆ ಅರ್ಥ ಏನು ಅಂತ ತೀರ್ಮಾನ ಮಾಡಿದರು ಎಂದು ಕೇಳಿದಳು. ಇನ್ನೂ ಚರ್ಚೆ ಆಗಬೇಕು ಅಂತ ಮುಂದಿನ ವರ್ಷಕ್ಕೆ ಹಾಕಿದ್ದಾರೆ ಎಂದೆ. ಅತ್ತೆ ಸುಣ್ಣದ ಕಟ್ಟಿನೊಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದಳು. ಕೈ ನಿಲ್ಲಿಸಿದಳು.

“ಅಂದ್ರೆ ಮುಂದಿನ ವರ್ಷ ಪುಸ್ತಕ ಇನ್ನೂ ದಪ್ಪ ಆಗತ್ತೆ” ಎಂದಳು.

ನಾಲ್ಕನೇ ವಾರ ಫಲಕ ಬದಲಾಯಿತು. ಸಮ್ಮೇಳನದ ಮೊದಲ ಫಲ ಎಂದು ಮೇನೇಜರು ನಮ್ಮನ್ನೆಲ್ಲ ಕರೆದು ನಿಲ್ಲಿಸಿ ತಾವೇ ಓದಿ ಹೇಳಿದರು. ಹೊರುವವರ ಕಷ್ಟವನ್ನು ಗಮನಿಸಿ, ಮಾನವೀಯತೆಯ ದೃಷ್ಟಿಯಿಂದ, ಇನ್ನು ಮುಂದೆ ಹೊರೆಗಳಿಗೆ ಲಿಫ್ಟಿನಲ್ಲಿ ಪ್ರವೇಶವಿದೆ. ಹೊರುವವರು ಹೊರೆಯನ್ನು ಲಿಫ್ಟಿನಲ್ಲಿಟ್ಟು, ಮೆಟ್ಟಿಲು ಹತ್ತಿ, ಹೊರೆ ತಲುಪುವ ಮುನ್ನ ಮೇಲೆ ಹಾಜರಿರತಕ್ಕದ್ದು. ಅವರು ಓದಿ ಮುಗಿಸಿ ನಮ್ಮ ಮುಖ ನೋಡಿದರು. ಯಾರಾದರೂ ಚಪ್ಪಾಳೆ ತಟ್ಟುತ್ತಾರೆ ಎಂದು ಕಾದರು.

ಲಾರಿ ಬಂತು. ಆ ದಿನ ಕುರ್ಚಿಗಳಿದ್ದವು, ಕಾಗದದ ಕಟ್ಟುಗಳಿದ್ದವು. ನಾವು ನಾಲ್ಕು ಜನ ಒಂದೊಂದಾಗಿ ತಂದು ಲಿಫ್ಟಿನೊಳಗೆ ಜೋಡಿಸಿದೆವು. ಹೊಸ ಲಿಫ್ಟಿನವನು ಗುಂಡಿಯ ಮೇಲೆ ಬೆರಳಿಟ್ಟು, ಆಯ್ತಲ್ಲ, ಇನ್ನು ನಡೀರಿ, ಓಡಿ ಎಂದ.

ನಾವು ಒಳಗೇ ನಿಂತೆವು.